ಆರೋಪಿಯ ದೇಶ, ಬಣ್ಣ, ವೀಸಾ: ಹೊಳಲ್ಕೆರೆಯ ತಂಗಿಗೆ ಉತ್ತರ

ತಂಗಿ, ನಿನ್ನ ಪತ್ರ ಓದಿದೆ. ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ, ವೀಸಾ ಕೆಲಸ ನಡೆಯುತ್ತಿದೆ ಅಂತ ಬರೆದಿದ್ದೀಯ. ಬಹಳ ಸಂತೋಷ ಆಯಿತು. ನಮ್ಮ ಕಡೆಯ ಹೆಣ್ಣುಮಕ್ಕಳು ಹೀಗೆ ಹೊರಟು ನಿಂತರೆ ನನಗೆ ಹೆಮ್ಮೆ. ಮನೆ, ಊಟ, ಚಳಿ ಎಲ್ಲ ಕೇಳಿ ಕೊನೆಗೆ ಹೆದರಿಕೊಂಡು ಇದನ್ನು ಬರೆದಿದ್ದೀಯ: "ಅಕ್ಕಾ, ಅಲ್ಲಿ ಈಗ ಯಾರನ್ನಾದರೂ ಹಿಡಿದರೆ ಅವರು ಯಾವ ದೇಶದವರು, ಯಾವ ಜನಾಂಗ, ವೀಸಾ ಇದೆಯೋ ಇಲ್ಲವೋ ಅಂತ ಕೋರ್ಟು ತೀರ್ಪು ಕೊಡುವ ಮೊದಲೇ ಪೊಲೀಸರು ಹೇಳಿಬಿಡ್ತಾರಂತೆ. ಅದು ಸರಿನಾ? ನಮ್ಮಂಥವರಿಗೆ ತೊಂದರೆ ಆಗುತ್ತಾ? ಅಪ್ಪ ಟಿವಿ ನೋಡಿ ಹೆದರಿ ಕಳಿಸೋದೇ ಬೇಡ ಅಂತಿದಾರೆ."

ಮೊದಲು ಸಣ್ಣ ವಿಷಯ ಮುಗಿಸುತ್ತೇನೆ. ಶುರುವಿಗೆ ಆಸ್ಪತ್ರೆಯವರೇ ರೂಮು ಕೊಡುತ್ತಾರಾ ಅಂತ ಆಫರ್ ಪತ್ರದಲ್ಲಿ ನೋಡಿಕೋ. ಆಮೇಲೆ ಬಾಡಿಗೆ ಮನೆ ಹಿಡಿಯುವಾಗ ಮನೆ ಮಾಲೀಕರು ನಿನ್ನ ವೀಸಾ ನೋಡಲೇಬೇಕು, ಅದು ಅಲ್ಲಿನ ಕಾನೂನು, ಅವಮಾನ ಅಂತ ತಿಳಿಯಬೇಡ. ಈಗ ಕಾರ್ಡು ಇಲ್ಲ, ಎಲ್ಲ ಆನ್‌ಲೈನ್. ನಿನ್ನ ಇ-ವೀಸಾ ಖಾತೆಯಿಂದ ಶೇರ್ ಕೋಡ್, ಅಂದರೆ ಅವರು ನಿನ್ನ ವೀಸಾ ನೋಡಲು ಬೇಕಾಗುವ ಸಂಕೇತ, ತೆಗೆದು ಕೊಡಬೇಕು. ಮನೆ ಕಣ್ಣಲ್ಲಿ ನೋಡದೆ ಯಾರಿಗೂ ದುಡ್ಡು ಹಾಕಬೇಡ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ತಗೊಂಡು ಹೋಗು. ಬೆಣ್ಣೆ, ತುಪ್ಪ, ಪೇಡಾ ಬೇಡ, ಇಂಡಿಯಾದಿಂದ ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ಮಂಡಕ್ಕಿ ಅಲ್ಲೂ ಸಿಗುತ್ತದೆ, ಆದರೆ ನಮ್ಮ ಮಂಡಕ್ಕಿ ಭಟ್ಟಿಯದ್ದರ ರುಚಿ ಇಲ್ಲ. ಎಷ್ಟು ವರ್ಷವಾದರೂ ಆ ಸಂಕಟ ಹೋಗಲ್ಲ. ಕೋಟು ಇಲ್ಲಿ ತಗೋಬೇಡ, ಅಲ್ಲೇ ತಗೋ. ಅಲ್ಲಿ ನರ್ಸ್ ಆಗಿ ನೋಂದಣಿ ಆಗಲು ಕೊಡಬೇಕಾದ ಓಸ್ಕಿ ಪರೀಕ್ಷೆಗೆ ಈಗಿನಿಂದಲೇ ಓದು.

ಇನ್ನು ನಿನ್ನ ಕೊನೆಯ ಪ್ರಶ್ನೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿರುವ ನಾನು ಈಗ ರಜೆಗೆ ದಾವಣಗೆರೆಗೆ ಬಂದು ತವರುಮನೆಯಲ್ಲಿದ್ದೇನೆ. ಆರಾಮಾಗಿ ಕೂತು ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಇದು ನನಗೂ ಬಹಳ ದಿನದಿಂದ ಕೊರೆಯುತ್ತಿರುವ ವಿಷಯ.

ಅಲ್ಲಿ ಹೇಗೆ ನಡೆಯುತ್ತದೆ ಅಂತ ಮೊದಲು ತಿಳಿದುಕೋ. ನಮ್ಮಲ್ಲಿ ಕಳ್ಳತನಕ್ಕೆ ಯಾರನ್ನಾದರೂ ಹಿಡಿದರೆ ಮೇಜಿನ ಮೇಲೆ ಚಿನ್ನ ಹರಡಿ, ಪಕ್ಕದಲ್ಲಿ ಬೈಕು ನಿಲ್ಲಿಸಿ, ಹಿಡಿದವರನ್ನು ನೆಲದ ಮೇಲೆ ಕೂರಿಸಿ ಫೋಟೋ ತೆಗೆಸುತ್ತಾರೆ. ಹೆಸರು, ತಂದೆಯ ಹೆಸರು, ಊರು ಎಲ್ಲ ಮಾರನೇ ದಿನ ಪೇಪರಿನಲ್ಲಿ ಇರುತ್ತದೆ. ಇದನ್ನು ನೋಡುತ್ತಲೇ ನಾವು ಬೆಳೆದದ್ದು. 2023ರ ಸೆಪ್ಟೆಂಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟೇ ಇದರ ಬಗ್ಗೆ ಮಾತಾಡಿತು. ಪೊಲೀಸರು ಮಾಧ್ಯಮಕ್ಕೆ ಎಷ್ಟು ಹೇಳಬೇಕು, ಹೇಗೆ ಹೇಳಬೇಕು ಅನ್ನುವುದಕ್ಕೆ ಒಂದು ಕೈಪಿಡಿ ಮಾಡಿ ಅಂತ ಕೇಂದ್ರ ಗೃಹ ಸಚಿವಾಲಯಕ್ಕೆ ಹೇಳಿತು.

ಅಲ್ಲಿ ಹಾಗಲ್ಲ. ಬಂಧಿಸಿದಾಗ ಸಾಮಾನ್ಯವಾಗಿ ಇಂತಿಷ್ಟು ವಯಸ್ಸಿನ ಗಂಡಸು, ಇಂಥ ಊರಿನವನು, ಇಂಥ ಅನುಮಾನದ ಮೇಲೆ ಹಿಡಿದಿದ್ದೇವೆ ಅಂತಷ್ಟೇ ಹೇಳುತ್ತಾರೆ. ಹೆಸರು ಬರುವುದು ಚಾರ್ಜ್ ಮಾಡಿದ ಮೇಲೆ, ಅಂದರೆ ಕೋರ್ಟಿಗೆ ಒಯ್ಯುವಷ್ಟು ಸಾಕ್ಷ್ಯ ಇದೆ ಅಂತ ತೀರ್ಮಾನ ಆದ ಮೇಲೆ. ಹದಿನೆಂಟು ತುಂಬದವರಾದರೆ ಆಗಲೂ ಸಾಮಾನ್ಯವಾಗಿ ಬರುವುದಿಲ್ಲ. ವಿಚಾರಣೆ ಕೆಡುವಂಥದ್ದನ್ನು ಪ್ರಕಟಿಸಿದರೆ 1981ರ ನ್ಯಾಯಾಂಗ ನಿಂದನೆ ಕಾಯ್ದೆ ಅಡ್ಡ ಬರುತ್ತದೆ. 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇನ್ನೊಂದು ಮಾತು ಹೇಳಿತು. ಚಾರ್ಜ್ ಆಗುವ ಮೊದಲು, ತನಿಖೆಗೆ ಒಳಗಾದವರಿಗೆ ಆ ವಿಷಯ ಖಾಸಗಿಯಾಗಿ ಇರುತ್ತದೆ ಅಂತ ನಂಬುವ ಹಕ್ಕು ಸಾಮಾನ್ಯವಾಗಿ ಇರುತ್ತದೆ ಅಂತ. ನಾನು ಹೋದ ಹೊಸದರಲ್ಲಿ ಇದೆಲ್ಲ ಅತಿಯಾಯಿತು ಅನ್ನಿಸುತ್ತಿತ್ತು. ಈಗ ಹಾಗೆ ಅನ್ನಿಸುವುದಿಲ್ಲ.

ಇದು ಅಲುಗಾಡಿದ್ದು 2024ರ ಜುಲೈ 29ರಂದು. ಸೌತ್‌ಪೋರ್ಟ್ ಅಂತ ಸಮುದ್ರದಂಡೆಯ ಊರು. ಮಕ್ಕಳ ಡ್ಯಾನ್ಸ್ ಕ್ಲಾಸಿಗೆ ಒಬ್ಬ ಹುಡುಗ ಚಾಕು ಹಿಡಿದು ನುಗ್ಗಿ ಮೂರು ಪುಟ್ಟ ಹೆಣ್ಣುಮಕ್ಕಳನ್ನು ಕೊಂದ. ಅವನಿಗೆ ಹದಿನೇಳು ವರ್ಷ, ಹಾಗಾಗಿ ಪೊಲೀಸರು ಹೆಸರು ಹೇಳಲಿಲ್ಲ. ಅಷ್ಟರಲ್ಲೇ ಮೊಬೈಲಿನಲ್ಲಿ ಒಂದು ಸುಳ್ಳು ಹೆಸರು ಓಡಾಡಿತು. ಮುಸ್ಲಿಂ ಹೆಸರು. ದೋಣಿಯಲ್ಲಿ ಬಂದು ಆಶ್ರಯ ಕೇಳಿದವನು ಅಂತ ಕಥೆ. ಮಾರನೇ ಸಂಜೆ ಆ ಊರಿನ ಮಸೀದಿಗೆ ಕಲ್ಲು ಬಿತ್ತು. ನಿಜವಾಗಿ ಆ ಹುಡುಗ ಹುಟ್ಟಿದ್ದು ವೇಲ್ಸಿನ ಕಾರ್ಡಿಫಿನಲ್ಲಿ, ತಂದೆತಾಯಿ ರುವಾಂಡಾದವರು.

ಪೊಲೀಸರು ಮೊದಲೇ ಹೇಳಿದ್ದರೆ ಇದೆಲ್ಲ ಆಗುತ್ತಿರಲಿಲ್ಲ ಅಂತ ಆಮೇಲೆ ಎಲ್ಲರೂ ಹೇಳತೊಡಗಿದರು. ಆದರೆ ದಿನಾಂಕ ನೋಡು. ಆಗಸ್ಟ್ 1ರಂದೇ ಜಡ್ಜು ಅವನ ಹೆಸರು ಹಾಕಬಹುದು ಅಂದರು. ಅಲ್ಲೇ ಹುಟ್ಟಿದವನು ಅನ್ನುವುದೂ ಆ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು. ದೊಡ್ಡ ಗಲಭೆಗಳು ಆದದ್ದು ಅದಾದ ಮೇಲೆ! ಆಗಸ್ಟ್ 4, ಭಾನುವಾರ, ನಮ್ಮ ಶೆಫೀಲ್ಡಿಗೆ ಹತ್ತಿರದ ರಾದರಹ್ಯಾಮ್ ಕಡೆ, ಆಶ್ರಯ ಕೇಳಿ ಬಂದವರು ಇನ್ನೂರಕ್ಕೂ ಜಾಸ್ತಿ ಜನ ಇದ್ದ ಹೋಟೆಲಿಗೆ ಬೆಂಕಿ ಹಚ್ಚಲು ನೋಡಿದರು. ಅದೇ ವಾರಾಂತ್ಯ ಸಂಡರ್‌ಲ್ಯಾಂಡಿನಲ್ಲಿ ಫಿಲಿಪೈನ್ಸಿನ ಇಬ್ಬರು ನರ್ಸ್‌ಗಳು ತುರ್ತು ಡ್ಯೂಟಿಗೆ ಅಂತ ಟ್ಯಾಕ್ಸಿಯಲ್ಲಿ ಹೋಗುವಾಗ ಅವರ ಮೇಲೆ ಕಲ್ಲು ತೂರಿದರು. ನಿಜ ಗೊತ್ತಾದರೂ ಕಲ್ಲು ನಿಲ್ಲಲಿಲ್ಲ ತಂಗಿ. ಇದನ್ನು ನೆನಪಿಟ್ಟುಕೋ, ಯಾಕೆಂದರೆ ಈಗ ಬಂದಿರುವ ನಿಯಮದ ಬುಡದಲ್ಲಿ ಇರುವುದು ನಿಜ ಹೇಳಿದರೆ ಜನ ಸುಮ್ಮನಾಗುತ್ತಾರೆ ಅನ್ನುವ ನಂಬಿಕೆ.

ಒಮ್ಮೆ ಹಾಗೆ ಆಗಿದ್ದೂ ಉಂಟು, ಅದನ್ನೂ ಹೇಳಬೇಕು. 2025ರ ಮೇ 26ರಂದು ಲಿವರ್‌ಪೂಲಿನಲ್ಲಿ ಫುಟ್‌ಬಾಲ್ ಗೆದ್ದ ಮೆರವಣಿಗೆಯ ಜನರ ಮೇಲೆ ಒಬ್ಬ ಕಾರು ಹರಿಸಿದ. ಹಿಡಿದವನು ಐವತ್ಮೂರು ವರ್ಷದ ಬಿಳಿಯ, ಬ್ರಿಟಿಷ್, ಅದೇ ಕಡೆಯವನು ಅಂತ ಪೊಲೀಸರು ಬೇಗನೆ ಹೇಳಿದರು. ಪುಕಾರು ಅಲ್ಲಿಗೇ ನಿಂತಿತು. ಆ ಸಂಜೆ ನನಗೂ ಜೀವ ಬಂದ ಹಾಗಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ರಾತ್ರಿ ಮಲಗಿ ಯೋಚಿಸಿದೆ. ಬಿಳಿಯ ಅಂದಾಗ ಹೀಗೆ ಬೇಗ ಹೇಳಿದರು, ಮುಂದಿನ ಸಲ ಬೇಗ ಹೇಳದಿದ್ದರೆ ಜನ ಏನಂತ ತಿಳಿಯುತ್ತಾರೆ? ಓಹೋ, ಹೊರಗಿನವನೇ ಇರಬೇಕು ಅಂತ ತಾನೇ? ಒಂದು ಸಲ ಹೇಳಲು ಶುರು ಮಾಡಿದರೆ ಆಮೇಲೆ ಸುಮ್ಮನಿರುವುದಕ್ಕೂ ಅರ್ಥ ಬಂದುಬಿಡುತ್ತದೆ.

ಅದೇ ವರ್ಷ ಆಗಸ್ಟ್ 13ರಂದು ಅಲ್ಲಿನ ಪೊಲೀಸ್ ಮುಖ್ಯಸ್ಥರ ಮಂಡಳಿ ಮತ್ತು ಕಾಲೇಜ್ ಆಫ್ ಪೊಲೀಸಿಂಗ್ ಸೇರಿ ತಾತ್ಕಾಲಿಕ ಮಾರ್ಗಸೂಚಿ ಹೊರಡಿಸಿದವು. ನಿಮ್ಮಪ್ಪ ಟಿವಿಯಲ್ಲಿ ನೋಡಿದ್ದು ಇದರ ಬಗ್ಗೆಯೇ ಇರಬೇಕು. ಅದರಲ್ಲಿ ಇರುವುದು ಇಷ್ಟು: ತುಂಬಾ ಗಂಭೀರವಾದ, ಜನರ ಗಮನ ಸೆಳೆದ ಪ್ರಕರಣದಲ್ಲಿ, ಸುಳ್ಳು ಸುದ್ದಿ ಹರಡಿ ಊರು ಕೆಡುವ ಭಯ ಇದ್ದಾಗ, ಚಾರ್ಜ್ ಮಾಡುವ ಹಂತದಲ್ಲಿ ಆರೋಪಿಯ ದೇಶ ಮತ್ತು ಜನಾಂಗ ಹೇಳುವ ಬಗ್ಗೆ ಪೊಲೀಸರು ಯೋಚಿಸಬೇಕು. ಹೇಳಲೇಬೇಕು ಅಂತಿಲ್ಲ, ಆಯಾ ಊರಿನ ಪೊಲೀಸರ ತೀರ್ಮಾನ. ವೀಸಾ ಸರಿ ಇದೆಯೋ ಇಲ್ಲವೋ ಅನ್ನುವುದನ್ನು ಪರಿಶೀಲಿಸಿ ಹೇಳುವುದು ಪೊಲೀಸರ ಕೆಲಸ ಅಲ್ಲ, ಅದು ಗೃಹ ಇಲಾಖೆಗೆ ಬಿಟ್ಟದ್ದು. ಅಂದರೆ ಬೀದಿಯಲ್ಲಿ ಹಿಡಿದ ಎಲ್ಲರ ಜಾತಕ ಓದುತ್ತಾರೆ ಅನ್ನುವುದು ನಿಜ ಅಲ್ಲ. ಇದನ್ನು ಅಪ್ಪನಿಗೆ ಬಿಡಿಸಿ ಹೇಳು.

ಆದರೆ ಕಾಗದದ ಮೇಲಿನ ಗೆರೆ ಎಷ್ಟು ಬೇಗ ಅಳಿಸಿತು ನೋಡು. 2025ರ ನವೆಂಬರ್ 1, ಶನಿವಾರ ಸಂಜೆ, ಡಾನ್‌ಕಾಸ್ಟರಿನಿಂದ ಲಂಡನ್ನಿಗೆ ಹೋಗುವ ರೈಲಿನಲ್ಲಿ ಚಾಕು ಇರಿತ ಆಯಿತು. ಡಾನ್‌ಕಾಸ್ಟರ್ ನಮ್ಮ ಪಕ್ಕದ ಊರು, ಆ ರೈಲಿನಲ್ಲಿ ನಾವೂ ಹೋಗಿ ಬಂದಿದ್ದೇವೆ. ಹಂಟಿಂಗ್‌ಡನ್ ಸ್ಟೇಷನ್ನಿನಲ್ಲಿ ರೈಲು ನಿಲ್ಲಿಸಿ ಪೊಲೀಸರು ಇಬ್ಬರನ್ನು ಹಿಡಿದರು. ಮಾರನೇ ದಿನ ಬೆಳಿಗ್ಗೆ, ಇನ್ನೂ ಯಾರ ಮೇಲೂ ಚಾರ್ಜ್ ಆಗಿಲ್ಲ, ಅಷ್ಟರಲ್ಲೇ ಹೇಳಿದರು: ಒಬ್ಬ ಮೂವತ್ತೆರಡು ವರ್ಷದ ಕಪ್ಪು ಬ್ರಿಟಿಷ್ ಪ್ರಜೆ, ಇನ್ನೊಬ್ಬ ಮೂವತ್ತೈದು ವರ್ಷದ ಕೆರಿಬಿಯನ್ ಮೂಲದ ಬ್ರಿಟಿಷ್ ಪ್ರಜೆ, ಇಬ್ಬರೂ ಬ್ರಿಟನ್ನಿನಲ್ಲೇ ಹುಟ್ಟಿದವರು. ಇದು ಹೊರಗಿನವರ ಕೆಲಸ ಅಲ್ಲ ಅಂತ ಜನರಿಗೆ ತಿಳಿಸುವುದು ಅವರ ಉದ್ದೇಶ ಇರಬಹುದು. ಅದೇ ದಿನ ಸಂಜೆಯ ಹೊತ್ತಿಗೆ ಆ ಎರಡನೆಯವನನ್ನು ಬಿಟ್ಟರು. ಅವನಿಗೂ ಆ ಘಟನೆಗೂ ಸಂಬಂಧವೇ ಇರಲಿಲ್ಲ. ಆ ರೈಲಿನಲ್ಲಿ ಇದ್ದ, ಅಷ್ಟೆ. ಅವನ ವಯಸ್ಸು, ಅವನ ಊರು ಲಂಡನ್, ಅವನ ಹಿರಿಯರ ಮೂಲ ಎಲ್ಲ ಜಗತ್ತಿಗೇ ಗೊತ್ತಾಗಿ ಹೋಗಿತ್ತು. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದೇ ನನಗೆ ಚುಚ್ಚುವುದು.

ನಾನು ಶೆಫೀಲ್ಡಿಗೆ ಹೋದದ್ದು 2005ರ ಮಾರ್ಚಿನಲ್ಲಿ. ಯಜಮಾನರ ಕೆಲಸದ ಮೇಲೆ ಹೋದೆವು, ಆಮೇಲೆ ನಾನು ಆಸ್ಪತ್ರೆಯ ಲ್ಯಾಬ್ ಸೇರಿದೆ. ಬೆನ್ನಿಗೇ ಜುಲೈ 7ರಂದು ಲಂಡನ್ನಿನ ಮೂರು ರೈಲು, ಒಂದು ಬಸ್ಸಿನಲ್ಲಿ ಬಾಂಬು ಸಿಡಿದು 52 ಜನ ಸತ್ತರು. ನನಗಿನ್ನೂ ಬಸ್ಸಿನಲ್ಲಿ ಚಿಲ್ಲರೆ ಕೊಡುವುದೂ ಸರಿಯಾಗಿ ಬರುತ್ತಿರಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದ್ದರೂ ಜನ ನಿಂತೇ ಹೋಗುತ್ತಿದ್ದರು. ಊರಿನಿಂದ ತಂದ ದೊಡ್ಡ ಬ್ಯಾಗಿತ್ತು, ಅದನ್ನು ಮನೆಯಲ್ಲೇ ಬಿಟ್ಟು ತರಕಾರಿಗೆ ಕೈಚೀಲ ಹಿಡಿದು ಹೋಗಲು ಶುರು ಮಾಡಿದೆ. ಬಾಂಬು ಇಟ್ಟ ನಾಲ್ವರಲ್ಲಿ ಮೂವರು ಇಂಗ್ಲೆಂಡಿನಲ್ಲೇ ಹುಟ್ಟಿದವರು. ಅದು ಗೊತ್ತಾದ ಮೇಲೂ ನನ್ನ ಪಕ್ಕದ ಸೀಟು ಹಾಗೇ ಇತ್ತು.

ಆಮೇಲೆ ಜುಲೈ 22ರಂದು ಜೀನ್ ಚಾರ್ಲ್ಸ್ ದ ಮೆನೆಜೆಸ್ ಅನ್ನುವ ಬ್ರೆಜಿಲಿನ ಹುಡುಗನನ್ನು ಲಂಡನ್ನಿನ ಸ್ಟಾಕ್‌ವೆಲ್ ಸ್ಟೇಷನ್ನಿನಲ್ಲಿ ಪೊಲೀಸರು ಗುಂಡಿಟ್ಟು ಕೊಂದರು. ಎಲೆಕ್ಟ್ರಿಷಿಯನ್, ಇಪ್ಪತ್ತೇಳು ವರ್ಷ, ಏನೂ ತಪ್ಪು ಮಾಡದವನು, ಯಾರೋ ಅಂದುಕೊಂಡು ಯಾರನ್ನೋ ಹೊಡೆದರು. ಮಾರನೇ ದಿನ ಪೊಲೀಸರೇ ಒಪ್ಪಿಕೊಂಡರು. ಕೆಲವೇ ದಿನಕ್ಕೆ ಗೃಹ ಇಲಾಖೆ ಅವನ ವೀಸಾ ಬಗ್ಗೆ ಹೇಳಿಕೆ ಕೊಟ್ಟಿತು. ಸ್ಟೂಡೆಂಟ್ ವೀಸಾ ಮುಗಿದಿತ್ತು, ಪಾಸ್‌ಪೋರ್ಟಿನ ಮುದ್ರೆ ಸರಿ ಕಾಣುತ್ತಿಲ್ಲ ಅಂತ. ಸತ್ತವನ ವೀಸಾಕ್ಕೂ ಅವನಿಗೆ ಬಿದ್ದ ಗುಂಡಿಗೂ ಏನು ಸಂಬಂಧ? ಆದರೆ ನಾನು ಕಣ್ಣಾರೆ ನೋಡಿದೆ, ನಮ್ಮ ಕಟ್ಟಡದ ಮೆಟ್ಟಿಲ ಹತ್ತಿರ ನಿಂತು ಮಾತಾಡುತ್ತಿದ್ದವರ ದನಿ ಬದಲಾಯಿತು. ಅಯ್ಯೋ ಪಾಪ ಅನ್ನುತ್ತಿದ್ದವರು ಹಾಗಾದರೆ ಅವನು ಓಡಿಹೋಗಲು ಕಾರಣ ಇತ್ತೇನೋ ಅನ್ನತೊಡಗಿದರು. ಪೊಲೀಸರನ್ನು ಕಂಡು ಓಡಿದ ಅನ್ನುವುದೂ ಸುಳ್ಳು ಸುದ್ದಿಯಾಗಿತ್ತು. ಅದಕ್ಕೇ ವೀಸಾ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ. ಕೋರ್ಟು ಅಪರಾಧಿ ಅನ್ನುವವರೆಗೆ ಅದನ್ನು ಹೇಳಕೂಡದು. ವೀಸಾ ತಡವಾಗುವುದಕ್ಕೆ ನೂರು ಕಾರಣ ಇರುತ್ತವೆ. ಕೆಲಸ ಕೊಟ್ಟವನು ಕೈಬಿಟ್ಟಿರುತ್ತಾನೆ, ಅರ್ಜಿ ಇಲಾಖೆಯ ಮೇಜಿನ ಮೇಲೆ ಕೂತಿರುತ್ತದೆ. ಅದನ್ನು ಕೊಲೆ ಆರೋಪದ ಪಕ್ಕದಲ್ಲಿ ಬರೆದರೆ ಓದಿದವರು ಎರಡನ್ನೂ ಒಂದೇ ಅಪರಾಧ ಅಂತ ಓದುತ್ತಾರೆ.

ನಿನ್ನೆ ಇದನ್ನೇ ನಮ್ಮಣ್ಣನ ಹತ್ತಿರ ಮಾತಾಡುತ್ತಿದ್ದೆ. ಅವನಂದ, ನಿಜ ಇದ್ದರೆ ಹೇಳಲಿ ಬಿಡು, ಮುಚ್ಚಿಟ್ಟರೇ ಅನುಮಾನ ಜಾಸ್ತಿ ಅಲ್ವಾ? ಅವನಿಗೆ ನಾನು ನೆನಪಿಸಿದ್ದನ್ನೇ ನಿನಗೂ ಹೇಳುತ್ತೇನೆ.

ನಮ್ಮಪ್ಪ ಮಂಡಿಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಅಂಗಡಿಯ ಹೆಸರು ಬೇಡ. ಮೆಕ್ಕೆಜೋಳದ ಸೀಸನ್ನಿನಲ್ಲಿ ಚೀಲ ಹೊರಲು ಹಮಾಲರು ಬರುತ್ತಿದ್ದರು, ಅವರಲ್ಲಿ ಒಬ್ಬ ಲಂಬಾಣಿ ಹುಡುಗ. ಊರ ಹೊರಗಿನ ತಾಂಡಾದವನು. ನನಗೆ ಆಗ ಹತ್ತೋ ಹನ್ನೊಂದೋ. ಅಪ್ಪನಿಗೆ ಬುತ್ತಿ ಕೊಡಲು ಹೋದರೆ ಅವನು ನನ್ನನ್ನು ಚೀಲದ ಗೂಡಿನ ಮೇಲೆ ಕೂರಿಸುತ್ತಿದ್ದ, ಲೆಕ್ಕ ಚೆನ್ನಾಗಿ ಬರುತ್ತಿತ್ತು, ಅಪ್ಪ ತೂಕದ ಚೀಟಿ ಅವನ ಕೈಲೂ ಓದಿಸುತ್ತಿದ್ದರು. ಒಂದು ದಿನ ಗಲ್ಲಾದಲ್ಲಿ ದುಡ್ಡು ಕಡಿಮೆ ಬಿತ್ತು. ದೊಡ್ಡ ಮೊತ್ತ. ಪೊಲೀಸರು ಬಂದರು. ಅಂಗಡಿಯಲ್ಲಿ ಅಷ್ಟು ಜನ ಇದ್ದರು, ಕರೆದುಕೊಂಡು ಹೋದದ್ದು ಅವನೊಬ್ಬನನ್ನು. ಮಾರನೇ ದಿನ ಊರ ಪೇಪರಿನಲ್ಲಿ ಎರಡು ಸಾಲು: ಕಳವು ಪ್ರಕರಣ, ತಾಂಡಾದ ಯುವಕನ ಬಂಧನ. ಹೆಸರು ಕೂಡ ಸರಿಯಾಗಿ ಹಾಕಿರಲಿಲ್ಲ. ತಾಂಡಾದ ಹೆಸರು ಮಾತ್ರ ಸರಿಯಾಗಿತ್ತು.

ನಮ್ಮ ಬೀದಿಗೆ ಆ ತಾಂಡಾದ ಹೆಂಗಸರು ಕಟ್ಟಿಗೆ ಹೊರೆ ಹೊತ್ತು ತರುತ್ತಿದ್ದರು. ಅವರೊಂದಿಗೆ ಅಮ್ಮ ಚೌಕಾಸಿ ಮಾಡುತ್ತಲೇ ಮಜ್ಜಿಗೆ ಕೊಡುತ್ತಿದ್ದಳು. ಆ ವಾರ ಯಾರ ಮನೆಯಲ್ಲೂ ಕಟ್ಟಿಗೆ ತಗೊಳ್ಳಲಿಲ್ಲ. ಬಾಗಿಲು ಹಾಕಿಕೊಂಡರು. ಬಟ್ಟೆ ಒಣಹಾಕಿದ್ದನ್ನು ಒಳಗೆ ತಂದರು. ಹೊರೆ ಹೊತ್ತವರು ಬೀದಿಯ ಆ ತುದಿಯಿಂದ ಈ ತುದಿಗೆ ಕೂಗುತ್ತಾ ಹೋಗಿ ಹಾಗೇ ತಲೆ ಮೇಲೆ ಹೊತ್ತು ವಾಪಸು ಹೋದರು. ಹತ್ತಾರು ಮನೆಯ ಒಂದು ತಾಂಡಾ, ಎರಡು ಸಾಲಿನ ಸುದ್ದಿಯಿಂದ ಪೂರ್ತಿ ಕಳ್ಳರ ತಾಂಡಾ ಆಯಿತು.

ಆಮೇಲೆ ಗೊತ್ತಾಯಿತು, ದುಡ್ಡು ತೆಗೆದವರು ಸಾಹುಕಾರರ ಮನೆಯವರೇ. ಕೇಸು ಅಲ್ಲಿಗೇ ಮುಚ್ಚಿತು. ಪೇಪರಿನಲ್ಲಿ ಏನೂ ಬರಲಿಲ್ಲ. ಆ ಹುಡುಗ ಸ್ಟೇಷನ್ನಿನಿಂದ ಬಂದವನು ಅಂಗಡಿ ಕಡೆ ತಿರುಗಿ ನೋಡಲಿಲ್ಲ. ಮಲೆನಾಡಿನ ಕಾಫಿ ತೋಟಕ್ಕೆ ಗುಳೆ ಹೋದ ಅಂದರು. ಅಪ್ಪನಿಗೆ ಅವನ ಬಗ್ಗೆ ಗೊತ್ತಿತ್ತು. ಅವನು ಅಂಥವನಲ್ಲ ಅಂತ ಮನೆಯಲ್ಲಿ ಅಮ್ಮನ ಹತ್ತಿರ ಮೆಲ್ಲಗೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಅಂಗಡಿಯಲ್ಲಿ ಹೇಳಲಿಲ್ಲ, ಸ್ಟೇಷನ್ನಿನಲ್ಲೂ ಹೇಳಲಿಲ್ಲ. ಅಕ್ಕನ ಮದುವೆಗೆ ಸಾಹುಕಾರರ ಹತ್ತಿರ ಸಾಲ ತೆಗೆದಿದ್ದರು. ಅಪ್ಪ ಒಳ್ಳೆಯ ಮನುಷ್ಯ, ಯಾರಿಗೂ ಒಂದು ಪೈಸೆ ಮೋಸ ಮಾಡಿದವರಲ್ಲ. ಆ ಬಗ್ಗೆ ಅವರನ್ನು ಕೇಳಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿತ್ತು, ಅದರಲ್ಲೂ ಇಂಗ್ಲೆಂಡಿಗೆ ಹೋದ ಮೇಲೆ ಬಹಳ ಅನ್ನಿಸಿತು. ಅವರು ತೀರಿಕೊಂಡು ಈಗ ಎಷ್ಟೋ ವರ್ಷವಾಯಿತು. ಈ ಸಲವೂ ಮಂಡಿಪೇಟೆ ದಾಟುವಾಗ ಅದೇ ನೆನಪು ಬಂತು.

ಪೇಪರಿನಲ್ಲಿ ಬಂದದ್ದೂ ನಿಜವೇ ಅಲ್ವಾ? ಅವನು ತಾಂಡಾದವನೇ, ಅವನನ್ನು ಬಂಧಿಸಿದ್ದೂ ಹೌದು. ಅಣ್ಣನಿಗೆ ನಾನು ಹೇಳಿದ್ದು ಇಷ್ಟೇ, ಆ ನಿಜದಿಂದ ಯಾರಿಗೆ ಏನು ತಿಳಿಯಿತು? ಕಳ್ಳ ಯಾರು ಅಂತ ತಿಳಿಯಲಿಲ್ಲ. ಬಾಗಿಲು ಯಾರಿಗೆ ಹಾಕಬೇಕು ಅಂತ ಮಾತ್ರ ತಿಳಿಯಿತು.

ಇದೇನು ನಮ್ಮೂರಿನ ಒಂದು ಅಂಗಡಿಯ ಕಥೆ ಮಾತ್ರ ಅಲ್ಲ. 1871ರಲ್ಲಿ ಬ್ರಿಟಿಷರು ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಒಂದೊಂದು ಬುಡಕಟ್ಟನ್ನೇ ಹುಟ್ಟಿನಿಂದ ಅಪರಾಧಿಗಳು ಅಂತ ಬರೆದಿಟ್ಟಿತು. ಲಂಬಾಣಿಗಳೂ, ಕೊರಚರಂಥವರೂ ದೇಶದ ಬೇರೆ ಬೇರೆ ಕಡೆ ಆ ಪಟ್ಟಿಗೆ ಸೇರಿದರು. ಅದು ರದ್ದಾದದ್ದು 1952ರ ಆಗಸ್ಟ್ 31ರಂದು. ಕಾಯ್ದೆ ಹೋದರೂ ಬುದ್ಧಿ ಹೋಗಲಿಲ್ಲ. ಜೈಲಿನ ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ, ಈ ಬುಡಕಟ್ಟುಗಳನ್ನು ಅಪರಾಧ ಚಟದವರು ಅನ್ನುವ ನಿಯಮಗಳನ್ನು ಸುಪ್ರೀಂ ಕೋರ್ಟು ತೆಗೆದುಹಾಕಿದ್ದು 2024ರ ಅಕ್ಟೋಬರಿನಲ್ಲಿ. ಪೊಲೀಸ್ ದಾಖಲೆಯಲ್ಲಿ ಆರೋಪಿಯ ಜಾತಿ ಬರೆಯುವುದನ್ನು ಬಿಡಿ ಅಂತ ಅಲಹಾಬಾದ್ ಹೈಕೋರ್ಟು ಹೇಳಿದ್ದು 2025ರ ಸೆಪ್ಟೆಂಬರಿನಲ್ಲಿ. ನಾವು ಇಲ್ಲಿ ಅಳಿಸಲು ಒದ್ದಾಡುತ್ತಿರುವ ಕಾಲಂ ಅನ್ನು ಅಲ್ಲಿ ಹೊಸದಾಗಿ ತುಂಬಲು ಹೊರಟಿದ್ದಾರೆ ಅಂತ ನನಗೆ ಸಂಕಟ.

ಆದರೂ ಒಂದು ಮಾತನ್ನು ಮುಚ್ಚಿಡುವುದಿಲ್ಲ. ನಾನು ಹೇಳಿದ ಅದೇ ರಾದರಹ್ಯಾಮಿನಲ್ಲಿ 1997ರಿಂದ 2013ರವರೆಗೆ ಕಡಿಮೆ ಅಂದರೂ 1,400 ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿತ್ತು ಅಂತ 2014ರ ತನಿಖಾ ವರದಿ ಹೇಳಿತು. ಮಾಡಿದವರಲ್ಲಿ ಹೆಚ್ಚಿನವರು 'ಏಷ್ಯನ್' (ಅಲ್ಲಿ ಹಾಗಂದರೆ ನಮ್ಮ ಉಪಖಂಡದ ಕಡೆಯ ಮೂಲದವರು) ಅಂತ ಆ ಮಕ್ಕಳು ಹೇಳುತ್ತಿದ್ದರು. ಅದನ್ನು ಬಾಯಿಬಿಟ್ಟರೆ ನಮ್ಮನ್ನು ಜನಾಂಗ ದ್ವೇಷಿಗಳು ಅನ್ನುತ್ತಾರೆ ಅಂತ ಕೆಲವು ಅಧಿಕಾರಿಗಳು ಹೆದರಿದ್ದರು. ಸರ್ಕಾರ ನೇಮಿಸಿದ್ದ ಬ್ಯಾರನೆಸ್ ಕೇಸಿ ಅವರು 2025ರ ಜೂನಿನಲ್ಲಿ ಕೊಟ್ಟ ವರದಿ, ಇಂಥ ಪ್ರಕರಣಗಳಲ್ಲಿ ಮೂರರಲ್ಲಿ ಎರಡು ಪಾಲು ಆರೋಪಿಗಳ ಜನಾಂಗವನ್ನು ಬರೆದೇ ಇಟ್ಟಿಲ್ಲ ಅಂದಿತು. ನನ್ನ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಆ ಊರಿನವಳು. ಅವಳು ಈ ಬಗ್ಗೆ ಮಾತಾಡುವಾಗ ನಾನು ಎದುರಾಡುವುದಿಲ್ಲ. ಮುಚ್ಚಿಟ್ಟದ್ದಕ್ಕೆ ಬೆಲೆ ಕೊಟ್ಟವರು ಆ ಮಕ್ಕಳು. ಹಾಗಾಗಿ ಪೊಲೀಸರು ಬರೆದಿಡಲಿ, ಪೂರ್ತಿ ಬರೆದಿಡಲಿ, ಶಿಕ್ಷೆಯಾದ ಮೇಲೆ ಲೆಕ್ಕ ಮಾಡಿ ದೇಶಕ್ಕೇ ತೋರಿಸಲಿ. ಅದು ಬೇರೆ. ನಿನ್ನೆ ರಾತ್ರಿ ಹಿಡಿದವನ ಬಣ್ಣವನ್ನು ಇವತ್ತು ಬೆಳಿಗ್ಗೆ ಮೈಕಿನಲ್ಲಿ ಹೇಳುವುದು ಬೇರೆ. ಊರಿಗೆ ಬೆಂಕಿ ಬೀಳುವಂಥ ಸುಳ್ಳು ಓಡಾಡುತ್ತಿದ್ದರೆ ಆ ಸುಳ್ಳನ್ನು ಸುಳ್ಳು ಅನ್ನಲಿ. ಅದಕ್ಕಿಂತ ಜಾಸ್ತಿ ಬೇಡ. ಚಾರ್ಜ್ ಆದ ಮೇಲೆ ದೇಶ ಹೇಳುವುದೇ ಆದರೆ ಬಿಳಿಯರಿಗೂ ಕರಿಯರಿಗೂ ನಮಗೂ ಒಂದೇ ನಿಯಮ ಇರಲಿ, ಪ್ರತಿ ಸಲ.

ಅಲ್ಲಿ ಹೋದ ಮೇಲೆ ನಮ್ಮವರಲ್ಲೇ ಇನ್ನೊಂದು ಮಾತು ಕೇಳುತ್ತೀಯ. ಹಬ್ಬಕ್ಕೆ ಸೇರಿದಾಗ, ಊಟಕ್ಕೆ ಕೂತಾಗ ಕೆಲವರು ಹೇಳುತ್ತಾರೆ, ಹೇಳಲಿ ಬಿಡಿ, ನಾವು ಓದಿಕೊಂಡು, ವೀಸಾ ತಗೊಂಡು, ಟ್ಯಾಕ್ಸ್ ಕಟ್ಟಿ ಬಂದವರು, ದೋಣಿಯಲ್ಲಿ ಬಂದವರ ಹಾಗಾ ನಾವು? ಅವರ ಹೆಮ್ಮೆ ನನಗೆ ಅರ್ಥ ಆಗುತ್ತದೆ, ಕಷ್ಟಪಟ್ಟು ಬಂದವರೇ ಅವರೆಲ್ಲ. ಆದರೆ ಸಂಡರ್‌ಲ್ಯಾಂಡಿನ ಆ ನರ್ಸ್‌ಗಳ ಹತ್ತಿರವೂ ಕೆಲಸ ಇತ್ತು, ಡ್ಯೂಟಿಗೇ ಹೊರಟಿದ್ದರು. ಐರ್ಲೆಂಡಿನ ಡಬ್ಲಿನ್ ಹೊರವಲಯದ ಟಾಲಾದಲ್ಲಿ 2025ರ ಜುಲೈ 19ರಂದು ನಮ್ಮ ದೇಶದ ಒಬ್ಬರಿಗೆ ಹುಡುಗರ ಗುಂಪು ರಕ್ತ ಬರುವ ಹಾಗೆ ಹೊಡೆಯಿತು. ಆ ದೇಶಕ್ಕೆ ಬಂದು ಕೆಲವೇ ವಾರವಾಗಿತ್ತು. ಮಕ್ಕಳ ಹತ್ತಿರ ಕೆಟ್ಟದಾಗಿ ನಡೆದುಕೊಂಡ ಅಂತ ಪುಕಾರು ಎಬ್ಬಿಸಿದ್ದರು, ಅದು ಸುಳ್ಳು ಅಂತ ಆಮೇಲೆ ತಿಳಿಯಿತು. ಕಲ್ಲು ಎತ್ತಿದವನು ಶೇರ್ ಕೋಡ್ ಕೇಳುವುದಿಲ್ಲ ತಂಗಿ. ಅಂಥ ಮಾತಿಗೆ ನೀನು ತಲೆ ಆಡಿಸಬೇಡ. ದೊಡ್ಡವರು ಹೇಳಿದರು ಅಂತ ಸುಮ್ನೆ ಹ್ಞೂಂ ಅನ್ನುವುದು ನಮ್ಮ ಕಡೆಯ ರೂಢಿ, ಈ ವಿಷಯದಲ್ಲಿ ಅದು ಬೇಡ. ಇಲ್ಲಿ ತಾಂಡಾ, ಹಟ್ಟಿ, ಕೇರಿ ಅಂತ ಯಾರನ್ನು ಹೇಗೆ ನೋಡುತ್ತಿದ್ದೆವೋ, ಅಲ್ಲಿ ನಮ್ಮನ್ನು ಹಾಗೆ ನೋಡುವವರು ಇದ್ದಾರೆ. ಅಲ್ಲಿಗೆ ಹೋದ ಮೇಲೆಯೇ ನನಗೆ ಆ ಕಟ್ಟಿಗೆಯ ಹೆಂಗಸರ ಮುಖ ಸರಿಯಾಗಿ ನೆನಪಾದದ್ದು.

ಇನ್ನು ನಿನಗೆ ಬೇಕಾದದ್ದು. ಹೆದರಿಕೊಂಡು ಬದುಕುವ ದೇಶ ಅಲ್ಲ ಅದು. 2024ರ ಆ ಗಲಭೆಯ ವಾರ ನಮ್ಮ ಆಸ್ಪತ್ರೆಯ ಒಬ್ಬ ವಾರ್ಡ್ ಮೇಲ್ವಿಚಾರಕಿ, ಬಿಳಿಯ ಹೆಂಗಸು, ರಾತ್ರಿ ಡ್ಯೂಟಿ ಮುಗಿಸಿದವರನ್ನು ತನ್ನ ಕಾರಿನಲ್ಲೇ ಮನೆಗೆ ಬಿಟ್ಟಳು. ನಮ್ಮ ಬೀದಿಯವರು ಬಾಗಿಲು ಬಡಿದು ಏನಾದರೂ ಬೇಕಾ ಅಂತ ಕೇಳಿದರು. ಗಲಭೆ ಮಾಡಿದವರನ್ನು ಕೋರ್ಟುಗಳು ಬೇಗ ಬೇಗ ಜೈಲಿಗೆ ಕಳಿಸಿದವು. ಅದನ್ನೂ ಅಪ್ಪನಿಗೆ ಹೇಳು, ಟಿವಿಯಲ್ಲಿ ಆ ಭಾಗ ತೋರಿಸಿರಲಿಕ್ಕಿಲ್ಲ.

ಅಪಾಯ ಅನ್ನಿಸಿದರೆ 999, ಅವಸರ ಇಲ್ಲದ್ದಕ್ಕೆ 101. ಯಾರಾದರೂ ಬೈದರೆ, ಉಗುಳಿದರೆ ಸಹಿಸಿಕೊಂಡು ಬರಬೇಡ, ದೂರು ಬರೆಸು, ಆಸ್ಪತ್ರೆಯಲ್ಲೂ ಹೇಳು, ಯೂನಿಯನ್ ಸೇರು. ಯಾವುದೋ ಕಾರಣಕ್ಕೆ ಪೊಲೀಸರು ನಿನ್ನನ್ನೇ ಕರೆದುಕೊಂಡು ಹೋದರೆ, ಆಗಬಾರದು, ಆದರೂ ತಿಳಿದಿರಲಿ, ಸ್ಟೇಷನ್ನಿನಲ್ಲಿ ದುಡ್ಡಿಲ್ಲದೆ ವಕೀಲರು ಸಿಗುತ್ತಾರೆ. ಬೇಕು ಅಂತ ಕೇಳು, ಅವರು ಬರುವವರೆಗೆ ವಿವರಣೆ ಕೊಡಲು ಹೋಗಬೇಡ. ನಿನ್ನವರಿಗೆ ಒಬ್ಬರಿಗೆ ತಿಳಿಸಲು, ಭಾರತದ ಹೈ ಕಮಿಷನ್ನಿಗೆ ತಿಳಿಸಲು ಕೇಳುವ ಹಕ್ಕಿದೆ. ಇಲ್ಲಿನ ಹಾಗೆ ಯಾರೋ ಪರಿಚಯದವರಿಂದ ಫೋನು ಮಾಡಿಸಿ ಬಿಡಿಸಿಕೊಳ್ಳುವುದು ಅಲ್ಲಿ ನಡೆಯುವುದಿಲ್ಲ, ಅದಕ್ಕೆ ಪ್ರಯತ್ನ ಮಾಡಿದರೆ ಕೆಡುತ್ತದೆ. ಇನ್ನೊಂದು, ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಯಾರನ್ನೋ ಹಿಡಿದ ಸುದ್ದಿ ಬಂದು, ಅವನು ಇಂಥ ದೇಶದವನಂತೆ ಅಂತ ಕೆಳಗೆ ಬರೆದಿದ್ದರೆ ಅದನ್ನು ಮುಂದಕ್ಕೆ ಕಳಿಸಬೇಡ.

ನಿನ್ನ ಆಸ್ಪತ್ರೆ ಯಾವ ಊರಿನದ್ದು ಅಂತ ಬರೆದೇ ಇಲ್ಲ. ಉತ್ತರದ ಕಡೆಯಾದರೆ ನಮ್ಮ ಮನೆಗೆ ರೈಲಿದೆ. ನಾನು ಇನ್ನೂ ಸ್ವಲ್ಪ ದಿನ ದಾವಣಗೆರೆಯಲ್ಲೇ ಇರುತ್ತೇನೆ. ಅಪ್ಪ ಇನ್ನೂ ಒಪ್ಪದಿದ್ದರೆ ಹೇಳು, ಹೊಳಲ್ಕೆರೆಗೆ ನಾನೇ ಬಂದು ಅವರ ಹತ್ತಿರ ಮಾತಾಡುತ್ತೇನೆ. ಭಾನುವಾರ ಆದರೆ ಅಣ್ಣನೂ ಬರುತ್ತಾನೆ. ವೀಸಾದ ಪ್ರತಿ, ಆಫರ್ ಪತ್ರ ತೆಗೆದಿಟ್ಟಿರು, ಆ ರೂಮಿನ ವಿಷಯ ನೋಡಿಬಿಡೋಣ.